ಅವ್ವನಿಗಾಗಿ ಒಂದಿಂಚು

ಪುಣೆಗೆ ಬಂದ ಅವ್ವ ನನ್ನ ಪಿಕಪ್ ಬಾಗಿಲು ಹಿಡಿದು ನಿಂತುಬಿಟ್ಟಳು. "ಇದೇನು ಗಾಡಿಯೋ ಅಟ್ಟವೋ? ಏರಾಕ ನಿಚ್ಚಣಿಕಿ ತಾ."

ಮೊಣಕಾಲು ನೋವಿನವಳು. ಸಹ್ಯಾದ್ರಿಯ ಕಲ್ಲುದಾರಿಗೆಂದು ನಾನು ಇಸುಝು ವಿ-ಕ್ರಾಸನ್ನು ಮುಂದೆ 2, ಹಿಂದೆ 1 ಇಂಚು ಎತ್ತರಿಸಿದ್ದೆ. ಕಲ್ಲುದಾರಿ ವರ್ಷಕ್ಕೆ ಮೂರು ಸಲ. ಉಳಿದದ್ದೆಲ್ಲ ಹಿಂಜವಡಿ ಟ್ರಾಫಿಕ್ಕು, ಸುಳ್ಳೇಕೆ ಹೇಳಲಿ.

ಒಂದಿಂಚು ಇಳಿಸಲು ಗ್ಯಾರೇಜಿಗೆ ಹೋದೆ. ಮುಂದಿನ ಕಾಯಿಲ್ ಸ್ಪ್ರಿಂಗಿನ ಮೇಲಿದ್ದ ಸ್ಪೇಸರ್ ಬರೀ ಒಂದಿಂಚಿನದು. ಎರಡಿಂಚು ಎದ್ದದ್ದು ಹೇಗೆ? ಸ್ಪ್ರಿಂಗು ಕೂರುವುದು ಕಂಟ್ರೋಲ್ ಆರ್ಮಿನ ನಡುವೆ, ಚಕ್ರ ಇರುವುದು ತುದಿಯಲ್ಲಿ. ಅಲ್ಲಿ ಒಂದು ಸರಿದರೆ ಇಲ್ಲಿ ಸುಮಾರು ಎರಡು. ಹಿಂದಿನ ಲೀಫ್ ಸ್ಪ್ರಿಂಗಿನ ಲೆಕ್ಕ ಉಲ್ಟಾ: ಶಾಕಲ್ ಎರಡಿಂಚು ಉದ್ದವಾದರೆ ಗಾಡಿ ಏಳುವುದು ಒಂದೇ ಇಂಚು.

ಮೆಕ್ಯಾನಿಕ್ ಕಾಕಾ ಟೇಪ್ ಹಿಡಿದದ್ದು ನೆಲದಿಂದಲ್ಲ, ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ. ಟೈರಿನ ಗಾಳಿ ಹೆಚ್ಚುಕಡಿಮೆಯಾದರೂ ಅಳತೆ ತಪ್ಪುವುದಿಲ್ಲ. ಆಮೇಲೆ ಮುಂದಿನ ಆಕ್ಸಲ್ಲಿನ ರಬ್ಬರ್ ಬೂಟು ತೋರಿಸಿದರು. ನಾನು ಎತ್ತಿದ್ದರಿಂದ ಓರೆ ಹೆಚ್ಚಾಗಿ, ಮಡಿಕೆ ಉಜ್ಜಿ ಬಿರುಕು ಬಿಟ್ಟಿತ್ತು, ಗ್ರೀಸ್ ಹೊರಗೆ. ಗಾಡಿಯ ಕೀಲೂ ನೊಂದಿತ್ತು ಅನ್ನಿ.

ಮುಂದೆ ಅರ್ಧ ಇಂಚಿನ ಸ್ಪೇಸರ್, ಹಿಂದೆ ಮೊದಲಿನ ಶಾಕಲ್, ಹೊಸ ಬೂಟು, ವೀಲ್ ಅಲೈನ್‌ಮೆಂಟ್. ಕೊನೆಗೆ ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟ್ ಸರಿಮಾಡಿದರು. ಎತ್ತರಿಸಿದಾಗ ನಾನು ಆ ಕೆಲಸವನ್ನೇ ಮಾಡಿಸಿರಲಿಲ್ಲ. ಅಷ್ಟು ತಿಂಗಳು ಎದುರಿನವರ ಕಣ್ಣಿಗೇ ಬೆಳಕು ಹೊಡೆಸಿದ್ದೆ.

ಮರುದಿನ ಧಾರವಾಡಕ್ಕೆ ಹೊರಟೆವು. ಅವ್ವ ಹಿಡಿಕೆ ಹಿಡಿದು, ಒಮ್ಮೆ ಉಸಿರೆಳೆದು, ತಾನೇ ಏರಿ ಕೂತಳು.

"ಇನ್ನೊಂದೀಟು ಇಳಿಸಬೇಕಿತ್ತು," ಎಂದಳು.