ಮುದ್ದೆಯ ಸೀಮೆಯ ಶಾಲೆಯಲ್ಲಿ ಅನ್ನವೇ ಯಾಕೆ?

ಪ್ರಶ್ನೆ: ಆಂಧ್ರದ ನಮ್ಮ ರೊಳ್ಳ, ಮಡಕಶಿರದ ಕಡೆ ಮನೆಮನೆಯಲ್ಲೂ ರಾಗಿ ಮುದ್ದೆ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಮಾತ್ರ ಅನ್ನ. ಯಾಕೆ ಹೀಗೆ?

ಉತ್ತರ: ಕಾನೂನಿನ ಅಡ್ಡಿ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪಟ್ಟಿಯಲ್ಲಿ ಅಕ್ಕಿ, ಗೋಧಿಯ ಜೊತೆ ಸಿರಿಧಾನ್ಯಕ್ಕೂ ಜಾಗವಿದೆ. ಆದರೆ ಕೇಂದ್ರದ ಉಗ್ರಾಣದಿಂದ ಸಲೀಸಾಗಿ ಬರುವುದು ಅಕ್ಕಿ. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ ಎಂಬ ಲೆಕ್ಕದಲ್ಲಿ ಧಾನ್ಯದ ಪಾಲು ಆ ಅಕ್ಕಿಯಲ್ಲೇ ತುಂಬಿಹೋಗುತ್ತದೆ. ಇನ್ನು ನೂರು ಮಕ್ಕಳಿಗೆ ಮುದ್ದೆ ತೊಳಸುವ ಅಡುಗೆಯಮ್ಮನ ರಟ್ಟೆಯ ಪಾಡನ್ನೂ ನೆನೆಯಬೇಕಲ್ಲ!

ರಾಗಿ ಪೂರ್ತಿ ಹೊರಗುಳಿದಿಲ್ಲ. 2023ರ ಮಾರ್ಚ್‌ನಲ್ಲಿ ಆಂಧ್ರ ಸರ್ಕಾರ ವಾರಕ್ಕೆ ಮೂರು ದಿನ ಬೆಲ್ಲ ಹಾಕಿದ ರಾಗಿ ಜಾವ, ಅಂದರೆ ನಮ್ಮ ಅಂಬಲಿಯ ಸಿಹಿ ತಮ್ಮ, ಕೊಡಲು ಶುರುಮಾಡಿತು. ಮೊಟ್ಟೆ, ಕಡಲೆಕಾಯಿ ಚಿಕ್ಕಿ ಅದಕ್ಕೂ ಮೊದಲೇ ಇದ್ದವು. ಮರುವರ್ಷ ಕರ್ನಾಟಕವೂ ಶಾಲೆಯ ಹಾಲಿಗೆ ರಾಗಿ ಪುಡಿ ಬೆರೆಸಿತು.

ಲಾಭ ನಿಜ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ರಾಗಿಯ ಕಬ್ಬಿಣಾಂಶವನ್ನು ಅದರಲ್ಲೇ ಇರುವ ಫೈಟೇಟ್ ಎಂಬ ಅಂಶ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಹುರಿದು ಬೀಸಿದರೆ ಆ ಹಿಡಿತ ಸಡಿಲ. ಮಕ್ಕಳಿಗೆ ಹುರಿಹಿಟ್ಟು ಮಾಡುವ ನಮ್ಮ ಅಜ್ಜಿಯರಿಗೆ ಈ ಕೆಲಸ ಹೊಸದಲ್ಲ. ನನ್ನನ್ನು ಕೇಳಿದರೆ, ಮುದ್ದೆಗಾಗಿ ಹಟ ಹಿಡಿಯುವುದಕ್ಕಿಂತ ಮೊಳಕೆ ರಾಗಿಯ ಹಿಟ್ಟನ್ನು ಸುತ್ತಲಿನ ಮಹಿಳಾ ಸಂಘಗಳಿಂದಲೇ ಕೊಳ್ಳಿ ಎಂದು ಮಂಡಲದ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡುವುದು ಮೇಲು.