ಕಬ್ಬಿನ ಬಿಡಾರಕ್ಕೆ ಒಂದು ಶೌಚದ ಬಕೆಟ್ಟು



ದೀಪಾವಳಿ ಸಮೀಪಿಸಿತೆಂದರೆ ದರಿಬಡಚಿಯಂಥ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಹಲವು ಮನೆಗಳ ಬಾಗಿಲಿಗೆ ಕೀಲಿ ಬೀಳುತ್ತದೆ. ಮಳೆಯನ್ನೇ ನಂಬಿದ ಜೋಳ, ಸಜ್ಜೆಯಿಂದ ವರ್ಷ ದೂಡಲಾಗದ ಕುಟುಂಬಗಳು ಮುಕಾದಮರಿಂದ ಮುಂಗಡ ಪಡೆದು, ಮಕ್ಕಳು, ಪಾತ್ರೆ, ಆಡು, ಕೋಳಿ ಸಮೇತ ಟ್ರ್ಯಾಕ್ಟರ್ ಏರಿ ಕೃಷ್ಣಾ ದಂಡೆಯ ಕಬ್ಬಿನ ಸೀಮೆಗೆ ಹೊರಡುತ್ತವೆ. ಗಂಡ ಹೆಂಡತಿ ಸೇರಿದರೆ ಒಂದು 'ಕೋಯ್ತಾ'. ಅಂಥ ಹತ್ತೋ ಇಪ್ಪತ್ತೋ ಕೋಯ್ತಾ ಸೇರಿದರೆ ಒಂದು ಟೋಳಿ. ನಾಲ್ಕೈದು ತಿಂಗಳು ಅವರ ಊರು ಎಂದರೆ ತಾಡಪತ್ರಿ ಹೊದಿಸಿದ ಗುಡಿಸಲುಗಳ ಸಾಲು. ನಮ್ಮಲ್ಲಿಯೂ ಕೆಲವು ಕುಟುಂಬಗಳು ಹೀಗೆ ಹೋಗುತ್ತವೆ. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೂ ಅವರು ಊರಲ್ಲಿರುವುದಿಲ್ಲ.

ಕಳೆದ ಸಲ ಕ್ರಿಸ್ಮಸ್ ಮುಗಿದ ವಾರದಲ್ಲಿ ಅಂಥದೊಂದು ಬಿಡಾರಕ್ಕೆ ನಾನು ಹೋಗಿದ್ದೆ. ಒಬ್ಬ ತಾಯಿ ನನಗೆ ಚಹಾ ಮಾಡಿ ಕೊಟ್ಟರು. ಬಿಸಿಲಿನಲ್ಲಿ ಕಬ್ಬು ಕಡಿದು ಬಂದವರು, ತಾವು ಮಾತ್ರ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ಕೇಳಿದ್ದಕ್ಕೆ, "ಹಗಲೊತ್ತು ನೀರ ಕುಡದ್ರ ಎಲ್ಲಿ ಹೋಗೂದ್ರಿ ಫಾದರ್?" ಎಂದರು. ಅವರ ಕಿರಿಯ ಮಗುವಿಗೆ ಎರಡು ದಿನದಿಂದ ಭೇದಿ ಹತ್ತಿತ್ತು. ಊರಲ್ಲಿ ಅವರ ಮನೆಗೆ ಸ್ವಚ್ಛ ಭಾರತ ಯೋಜನೆಯ ಪಾಯಖಾನೆ ಇದೆ. ಆದರೆ ಕೀಲಿ ಹಾಕಿದ ಮನೆಯ ಪಾಯಖಾನೆ ಕಬ್ಬಿನ ಹೊಲದಲ್ಲಿ ಇರುವವರಿಗೆ ಯಾವ ಉಪಯೋಗಕ್ಕೆ ಬರುತ್ತದೆ? ಆದ್ದರಿಂದ ಈ ಸಲ, ಬಿಡಾರಕ್ಕೆ ನಮ್ಮೊಡನೆಯೇ ಒಯ್ಯಬಹುದಾದ ಪಾಯಖಾನೆಯ ವಿಷಯ ತಿಳಿಸುತ್ತೇನೆ.

ಬಯಲಿನಲ್ಲಿ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ?

ಬಿಸಿಲಿಗೆ ಒಣಗಿ ಮಣ್ಣಾಗುತ್ತದೆ ಎಂಬುದು ನಮ್ಮ ನಂಬಿಕೆ. ಅದು ಅರ್ಧ ಮಾತ್ರ ನಿಜ. ನೊಣ ಮಲದ ಮೇಲೆ ಕೂತು ಎದ್ದು ಬಂದು ರೊಟ್ಟಿಯ ಮೇಲೆ ಕೂಡುತ್ತದೆ. ನೀರು ಹಾಯಿಸಿದಾಗ ಮಲದ ಅಂಶ ಕಾಲುವೆಗೆ, ಹಳ್ಳಕ್ಕೆ ಸೇರುತ್ತದೆ. ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ಕಾಮಾಲೆ ಇವೆಲ್ಲ ಹರಡುವುದು ಈ ದಾರಿಯಿಂದ. ಕೊಕ್ಕೆಹುಳದ ಮರಿಗಳು ಹಸಿ ಮಣ್ಣಿನಲ್ಲಿ ಕಾದಿದ್ದು, ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ದುಂಡುಹುಳದ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲವು. ಹಂದಿಮಾಂಸದ ಲಾಡಿಹುಳ ಇರುವವರ ಮಲದಲ್ಲಿರುವ ಮೊಟ್ಟೆಗಳು ಸೊಪ್ಪು, ಗಜ್ಜರಿಯ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದರೆ, ಮರಿಗಳು ಮಿದುಳಿನಲ್ಲಿ ಗುಳ್ಳೆ ಕಟ್ಟಿ ಫಿಟ್ಸ್ ಬರಿಸಬಹುದು. ಎಳೆ ಮಗುವಿನ ಮಲ ನಿರಪಾಯ ಎಂದು ಬಹಳ ತಾಯಂದಿರು ತಿಳಿದಿದ್ದಾರೆ. ಅದು ತಪ್ಪು. ಮಗುವಿನ ಮಲದಲ್ಲಿಯೂ ರೋಗಾಣುಗಳಿರುತ್ತವೆ.

ಹೆಂಗಸರ ಕಷ್ಟ ಇದಕ್ಕಿಂತ ಬೇರೆ. ಬೆಳಗಾಗುವ ಮೊದಲು ಇಲ್ಲವೆ ಕತ್ತಲಾದ ಮೇಲೆ ಮಾತ್ರ ಹೋಗಬೇಕು. ಅಲ್ಲಿ ಹಾವು ಚೇಳಿನ ಭಯ, ಮನುಷ್ಯರ ಭಯವೂ ಇದೆ. ಹೋಗುವುದನ್ನು ತಪ್ಪಿಸಲು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಉರಿಮೂತ್ರ, ಮೂತ್ರದ ಸೋಂಕು, ಮಲಬದ್ಧತೆ ಇದರ ಫಲ. ಕಬ್ಬು ಕಡಿಯುವ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಬಹಳ ಇದ್ದಾರೆಂಬ ಸುದ್ದಿ ಬೀಡ ಜಿಲ್ಲೆಯಿಂದ ಬಂದಾಗ, 2019ರಲ್ಲಿ ಮಹಾರಾಷ್ಟ್ರ ಸರ್ಕಾರ ವಿಚಾರಣೆಗೆ ಸಮಿತಿಯನ್ನೇ ನೇಮಿಸಬೇಕಾಯಿತು. ಅದಕ್ಕೆ ಕಾರಣಗಳು ಹಲವಿದ್ದರೂ, ನೀರು ಮತ್ತು ಪಾಯಖಾನೆ ಇಲ್ಲದ ಬಿಡಾರದ ಬಾಳು ಹೆಂಗಸರ ದೇಹವನ್ನು ಹಣ್ಣು ಮಾಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ.

ಉಪಾಯ ಹೊಸದಲ್ಲ

ಬಿಡಾರದ ಶೌಚದ ಮಾತು ಪವಿತ್ರ ಗ್ರಂಥದಲ್ಲಿಯೂ ಇದೆ. ಧರ್ಮೋಪದೇಶಕಾಂಡದ 23ನೇ ಅಧ್ಯಾಯವನ್ನು ತೆರೆದು ನೋಡಿ. ಪಾಳೆಯದ ಹೊರಗೆ ಅದಕ್ಕೊಂದು ಜಾಗ ಇರಬೇಕು, ಅಗೆಯಲು ಒಂದು ಸಾಧನ ಜೊತೆಗಿರಬೇಕು, ಆದದ್ದನ್ನು ಮಣ್ಣಿನಿಂದ ಮುಚ್ಚಬೇಕು ಎಂಬ ನಿಯಮ ಅಲ್ಲಿ ಸಿಗುತ್ತದೆ.

ಇಂಗ್ಲೆಂಡಿನ ಫಾರ್ಡಿಂಗ್‌ಟನ್ ಎಂಬ ಊರಿನಲ್ಲಿ ಹೆನ್ರಿ ಮೌಲ್ ಎಂಬ ಆಂಗ್ಲಿಕನ್ ಪಾದ್ರಿ ಇದ್ದರು. 1849 ಮತ್ತು 1854ರ ಕಾಲರಾದಲ್ಲಿ ತಮ್ಮ ಜನರ ಸೇವೆ ಮಾಡಿದವರು. ಒಣ ಮಣ್ಣು ಹಾಕಿ ಮುಚ್ಚಿದರೆ ಮಲದ ವಾಸನೆ ಅಡಗುವುದನ್ನೂ, ಕೆಲವು ವಾರಗಳಲ್ಲಿ ಅದು ಗುರುತೇ ಸಿಗದಂತೆ ಮಣ್ಣಿನಲ್ಲಿ ಕಲೆಯುವುದನ್ನೂ ಅವರು ಕಂಡುಕೊಂಡರು. ಒಂದು ಬಕೆಟ್ಟು, ಮೇಲೊಂದು ಪೀಠ, ಹಿಂದೆ ಒಣ ಮಣ್ಣಿನ ಪೆಟ್ಟಿಗೆ, ಇಷ್ಟು ಸೇರಿಸಿ ಮಾಡಿದ ಮಣ್ಣಿನ ಪಾಯಖಾನೆಗೆ 1860ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅದು ಸೈನಿಕರ ಶಿಬಿರಗಳಲ್ಲಿಯೂ ಬಳಕೆಗೆ ಬಂತು. ನಮ್ಮ ಗಾಂಧೀಜಿಯವರು ಆಶ್ರಮದಲ್ಲಿ ಹೇಳಿದ 'ಟಟ್ಟಿಯ ಮೇಲೆ ಮಣ್ಣು' ಎಂಬ ಪಾಠವೂ ಇದೇ.

ದೊಡ್ಡ ಜನಸಂದಣಿಗೆ ಇನ್ನೊಂದು ದಾರಿಯಿದೆ. ಲಕ್ಷಾಂತರ ಜನ ನಡೆಯುವ ಪಂಢರಪುರದ ಆಷಾಢ ವಾರಿಯ ತಂಗುದಾಣಗಳಲ್ಲಿ 2015ರಿಂದ 'ನಿರ್ಮಲ ವಾರಿ' ಹೆಸರಿನಲ್ಲಿ ಸಾಲಾಗಿ ಒಯ್ಯುವ ಶೌಚಾಲಯಗಳನ್ನು ಇಡುತ್ತಾರೆ. ಪ್ಲಾಸ್ಟಿಕ್ ಗೂಡಿನ ಕೆಳಗೆ ಟಾಕಿ ಇರುತ್ತದೆ. ಟಾಕಿ ತುಂಬಿದಾಗ ಹೀರುವ ಯಂತ್ರದ ಟ್ಯಾಂಕರ್ ಬರಬೇಕು, ಟ್ಯಾಂಕರ್ ಒಯ್ದದ್ದನ್ನು ಶುದ್ಧೀಕರಿಸುವ ಘಟಕವೂ ಬೇಕು. ಅದಿಲ್ಲದೆ ಹಳ್ಳಕ್ಕೆ ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಟೋಳಿಯ ಹಿರಿಯರು ಹಂಗಾಮಿನ ಮೊದಲೇ ಒಂದಾಗಿ, ಇಂಥ ಗೂಡುಗಳನ್ನು ಬಿಡಾರಕ್ಕೆ ಒದಗಿಸಿರೆಂದು ಕಾರ್ಖಾನೆಯವರನ್ನು ಕೇಳಬೇಕು. ಇದು ಭಿಕ್ಷೆ ಬೇಡಿದಂತಲ್ಲ, ದುಡಿಯುವವರ ಹಕ್ಕು. ಇಪ್ಪತ್ತು ಜನರಿಗೆ ಒಂದು ಪಾಯಖಾನೆ ಇರಬೇಕೆಂಬುದು ನಿರಾಶ್ರಿತರ ಶಿಬಿರಗಳಿಗೂ ಜಗತ್ತು ಒಪ್ಪಿದ ಅಳತೆ. ಆದರೆ ಅವರು ಕೊಡುವ ತನಕ ಕಾಯುತ್ತ ಕೂಡಬೇಡಿ. ಕೆಳಗಿನದನ್ನು ನೀವೇ ಮಾಡಿಕೊಳ್ಳಬಹುದು.

ಬೇಕಾಗುವ ಸಾಮಾನು

20 ಲೀಟರಿನ ಗಟ್ಟಿ ಬಕೆಟ್ಟು ಎರಡು. ಬಣ್ಣದ ಖಾಲಿ ಡಬ್ಬಿಯಾದರೂ ಆದೀತು, ಹಿಡಿಕೆ ಗಟ್ಟಿಯಿದ್ದು ಮುಚ್ಚಳ ಬಿಗಿಯಾಗಿ ಕೂಡಬೇಕು. ಕಾಲಿಡಲು ಎರಡು ದಪ್ಪ ಹಲಗೆ. ನಾಲ್ಕು ಗಳ, ಹಗ್ಗ, ಒಂದು ಹಳೆಯ ತಾಡಪತ್ರಿ. ಬೂದಿ ಇಡಲು ಇನ್ನೊಂದು ಡಬ್ಬಿ, ಒಂದು ಮಗ್ಗು, ಒಂದು ಸಲಿಕೆ. ಹೆಚ್ಚಿನದು ಮನೆಯಲ್ಲಿಯೇ ಇರುತ್ತದೆ.

ಕೂಡಿಸುವ ಬಗೆ

1. ಗುಡಿಸಲಿನಿಂದ ಹತ್ತಿಪ್ಪತ್ತು ಹೆಜ್ಜೆ ದೂರ, ಅಡುಗೆಯ ಕಡೆ ಗಾಳಿ ಬೀಸದ ಜಾಗ ಆರಿಸಿ ಗಳ ನೆಟ್ಟು ತಾಡಪತ್ರಿಯ ಮರೆ ಕಟ್ಟಿರಿ. ಒಳಗೆ ಹೋದವರಿಗೆ ಭಯವಿರಬಾರದು, ರಾತ್ರಿ ಒಂದು ಬ್ಯಾಟರಿ ಅಲ್ಲಿಯೇ ತೂಗಿರಲಿ.

2. ಬಕೆಟ್ಟಿನ ಬಾಯಿ ನೆಲದ ಮಟ್ಟಕ್ಕೆ ಬರುವಷ್ಟು ತಗ್ಗು ತೋಡಿ ಅದರಲ್ಲಿ ಬಕೆಟ್ಟು ಇಳಿಸಿರಿ. ಎರಡೂ ಬದಿಗೆ ಹಲಗೆ ಇಟ್ಟರೆ ನಮ್ಮ ರೂಢಿಯಂತೆ ಕುಕ್ಕರಗಾಲಿನಲ್ಲಿ ಕೂಡಬಹುದು. ಬಸುರಿಯರಿಗೂ ಮುದುಕರಿಗೂ, ಹಳೆಯ ಕುರ್ಚಿಯ ನಡುವೆ ತೂತು ಕೊರೆದು ಅದರ ಕೆಳಗೆ ಬಕೆಟ್ಟು ಇಟ್ಟರೆ ಅನುಕೂಲ.

3. ಮರೆಯ ಒಳಗೇ ಒಂದು ಮೂಲೆಯಲ್ಲಿ ಒಂದೂವರೆ ಅಡಿ ತಗ್ಗು ತೋಡಿ ಖಡಿ ತುಂಬಿ, ಪಕ್ಕದಲ್ಲಿ ಚಪ್ಪಟೆ ಕಲ್ಲು ಇಡಿರಿ. ಮೂತ್ರಕ್ಕೂ ತೊಳೆದುಕೊಳ್ಳುವುದಕ್ಕೂ ಈ ಜಾಗ.

ಬಳಸುವ ಕ್ರಮ

ಬಕೆಟ್ಟಿನೊಳಗೆ ನೀರು ಬೀಳಕೂಡದು. ಇದೇ ಮುಖ್ಯ. ಮಲ ಒಣಗಿದ್ದರೆ ವಾಸನೆಯಿಲ್ಲ, ಹಸಿಯಾದರೆ ನಾರುತ್ತದೆ, ನೊಣ ಮುತ್ತುತ್ತದೆ. ಆದ್ದರಿಂದ ಮೂತ್ರ ಮೊದಲು ಖಡಿಯ ಗುಂಡಿಯ ಹತ್ತಿರ ಮುಗಿಸಿ, ಶೌಚವಾದ ಮೇಲೆ ಮತ್ತೆ ಅಲ್ಲಿಗೇ ಸರಿದು ತೊಳೆದುಕೊಳ್ಳಿರಿ. ಸ್ವಲ್ಪ ಮೂತ್ರ ಬಕೆಟ್ಟಿಗೆ ಬಿದ್ದರೆ ಹೆದರಬೇಡಿ, ಇನ್ನೊಂದು ಮಗ್ಗು ಬೂದಿ ಹಾಕಿರಿ.

ಖಾಲಿ ಬಕೆಟ್ಟಿನ ತಳಕ್ಕೆ ಮೊದಲು ನಾಲ್ಕು ಬೆರಳು ಬೂದಿ ಹರಡಿರಬೇಕು. ಪ್ರತಿ ಸಲವೂ ಮಲ ಕಾಣದಂತೆ ಒಣ ಬೂದಿ, ಇಲ್ಲವೆ ಬೂದಿ ಮತ್ತು ಜರಡಿ ಹಿಡಿದ ಒಣ ಮಣ್ಣು ಸಮವಾಗಿ ಬೆರೆಸಿದ್ದನ್ನು ಹಾಕಿ ಮುಚ್ಚಳ ಹಾಕಿರಿ. ಬೂದಿ ಕ್ಷಾರವಾದ್ದರಿಂದ ವಾಸನೆಯನ್ನು ತಡೆಯುವುದಷ್ಟೇ ಅಲ್ಲ, ರೋಗಾಣುಗಳನ್ನೂ ಕುಗ್ಗಿಸುತ್ತದೆ. ಒಲೆಯ ಬೂದಿ ಪೂರ್ತಿ ಆರಿರಬೇಕು, ಕೆಂಡವಿದ್ದರೆ ಬಕೆಟ್ಟು ಕರಗೀತು. ಕಬ್ಬಿನ ರವದಿಯನ್ನು ಸಣ್ಣಗೆ ಕತ್ತರಿಸಿ ಸೇರಿಸಬಹುದು, ಆದರೆ ರವದಿಯೊಂದೇ ಸಾಲದು. ಎಳೆ ಮಕ್ಕಳ ಮಲವೂ ಇದರಲ್ಲಿಯೇ ಬೀಳಲಿ.

ಒಬ್ಬ ದೊಡ್ಡ ಮನುಷ್ಯನ ಮಲ ದಿನಕ್ಕೆ ಸುಮಾರು ಕಾಲು ಕಿಲೋ ಎಂದು ಹಿಡಿಯಿರಿ. ನಾಲ್ವರ ಮನೆಗೆ ಒಂದು ಕಿಲೋ, ಬೂದಿ ಸೇರಿ ಎರಡೂವರೆ ಲೀಟರಿನಷ್ಟು. ನಾಲ್ಕು ದಿನಕ್ಕೆ ಅರ್ಧ ಬಕೆಟ್ಟು ಆಗುತ್ತದೆ. ಆಗಲೇ ಬದಲಿಸಿರಿ, ತುಂಬಿ ತುಳುಕುವವರೆಗೆ ಬಿಡಬೇಡಿ. ಒಂದನ್ನು ಬರಿದು ಮಾಡಿ ಬೂದಿಯಿಂದ ಉಜ್ಜಿ ಬಿಸಿಲಿಗೆ ಬೋರಲು ಹಾಕಿದಾಗ ಇನ್ನೊಂದು ಬಳಕೆಯಲ್ಲಿರುತ್ತದೆ.

ಗುಂಡಿ ಎಲ್ಲಿ, ಎಷ್ಟು?

ಬಿಡಾರ ಹೂಡಿದ ಮೊದಲ ದಿನವೇ ಹೊಲದ ಯಜಮಾನರ ಒಪ್ಪಿಗೆ ಪಡೆದು ಗುಂಡಿ ತೋಡಿರಿ. ಬಾವಿ, ಬೋರು, ಹಳ್ಳ, ಕಾಲುವೆಯಿಂದ ಕಡಿಮೆಯೆಂದರೆ ನೂರು ಅಡಿ ದೂರವಿರಬೇಕು. ಗುಂಡಿಯ ತಳಕ್ಕೂ ನೆಲದ ಒಳಗಿನ ನೀರಿಗೂ ನಡುವೆ ಐದು ಅಡಿ ಒಣ ಮಣ್ಣು ಇರಬೇಕು. ಹೊಳೆಯ ದಂಡೆಯ ಕರಿ ಮಣ್ಣಿನಲ್ಲಿ ನೀರು ಮೇಲೆಯೇ ಇರುವುದರಿಂದ ಅಲ್ಲಿ ಗುಂಡಿಯನ್ನು ಆಳ ಮಾಡದೆ ಅಗಲ ಮಾಡಿ, ಸುತ್ತ ಒಡ್ಡು ಹಾಕಿರಿ.

ಉದ್ದ, ಅಗಲ, ಆಳ ಮೂರು ಮೂರು ಅಡಿಯ ಗುಂಡಿ 27 ಘನ ಅಡಿ, ಅಂದರೆ 760 ಲೀಟರಿಗಿಂತ ಸ್ವಲ್ಪ ಹೆಚ್ಚು. ಮೇಲಿನ ಒಂದು ಅಡಿ ಮಣ್ಣಿಗೆ ಬಿಟ್ಟರೂ 500 ಲೀಟರ್ ಉಳಿಯುತ್ತದೆ. ಒಂದು ಕುಟುಂಬದ ಐದು ತಿಂಗಳ ಲೆಕ್ಕ 375 ಲೀಟರ್. ಆದ್ದರಿಂದ ಮನೆಗೊಂದು ಗುಂಡಿ ಧಾರಾಳ ಸಾಕು. ಪ್ರತಿ ಸಲ ಸುರಿದ ಮೇಲೆ ಸ್ವಲ್ಪ ರವದಿ, ಅದರ ಮೇಲೆ ತೆಳ್ಳಗೆ ಮಣ್ಣು ಹಾಕಿ, ನಾಯಿ ಕೆದರದಂತೆ ಮುಳ್ಳು ಮುಚ್ಚಿರಿ. ಊರಿಗೆ ಮರಳುವಾಗ ದಿಬ್ಬದಂತೆ ಮಣ್ಣೇರಿಸಿ, ಮುಚ್ಚಿದ ತಿಂಗಳು ಬರೆದ ತಗಡು ನೆಡಿರಿ.

ಯಜಮಾನರಿಗೆ ಇದರಿಂದ ಲಾಭವಿದೆ. ನಮ್ಮ ಸೀಮೆಯ ಸೆಕೆಯಲ್ಲಿ ಹೊಸ ಮಲ ಸೇರಿಸದೆ ಒಂದು ವರ್ಷಕ್ಕೆ ಮೇಲ್ಪಟ್ಟು ಹಾಗೇ ಬಿಟ್ಟರೆ ಅದು ಗೊಬ್ಬರವಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಒಂದೂವರೆ ವರ್ಷ ಬಿಟ್ಟರೆ ಇನ್ನೂ ಲೇಸು. ಅದನ್ನು ಮಾವು, ದಾಳಿಂಬೆ, ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಗಜ್ಜರಿ, ಸವತೆಗೆ ಬೇಡ. ಹೊಲ ಹೊಲಸು ಮಾಡುತ್ತಾರೆಂದು ಬೈಯುವ ಯಜಮಾನರಿಗೆ ಇದನ್ನು ತಿಳಿಸಿ ಹೇಳಿದರೆ ಅವರೂ ಒಪ್ಪಿಯಾರು.

ಬಕೆಟ್ಟು ಯಾರು ಹೊರಬೇಕು?

ಇಲ್ಲಿಯೇ ನಾವು ಎಚ್ಚರವಾಗಿರಬೇಕು. ಈ ದೇಶದಲ್ಲಿ ಬಕೆಟ್ಟು ಪಾಯಖಾನೆ ಎಂದರೆ ಇನ್ನೊಬ್ಬರ ಮಲವನ್ನು ಒಂದು ಜಾತಿಯ ಜನರ ತಲೆಯ ಮೇಲೆ ಹೊರಿಸಿದ ಪಾಪದ ನೆನಪು. 1993ರ ಕಾನೂನು, ಅದಕ್ಕಿಂತ ಬಿಗಿಯಾದ 2013ರ ಕಾನೂನು, ಎರಡೂ ಮಲ ಹೊರಿಸುವುದನ್ನು ನಿಷೇಧಿಸಿವೆ. ಆದ್ದರಿಂದ ಟೋಳಿಗೆಲ್ಲ ಒಂದೇ ಬಕೆಟ್ಟು ಇಟ್ಟು, ಬಡವನೊಬ್ಬನಿಗೆ ಹತ್ತು ರೂಪಾಯಿ ಕೊಟ್ಟು ಹೊರಿಸುವ ಯೋಚನೆ ಬೇಡ. ಮನೆಗೊಂದು ಬಕೆಟ್ಟು, ಅದನ್ನು ಆ ಮನೆಯವರೇ ಬರಿದು ಮಾಡಬೇಕು. ಮನೆಯೊಳಗೂ ಅದು ಸೊಸೆಯ ಪಾಲಿಗೇ ಬೀಳಬಾರದು. ಹೆಂಗಸರು ಕಬ್ಬನ್ನೂ ಕಡಿದು ಅಡುಗೆಯನ್ನೂ ಮಾಡುತ್ತಾರೆ. ಈ ಕೆಲಸ ಗಂಡಸರು ಮಾಡಲಿ. ಕೈಗೆ ಪ್ಲಾಸ್ಟಿಕ್ ಚೀಲವನ್ನೋ ರಬ್ಬರ್ ಕೈಚೀಲವನ್ನೋ ಹಾಕಿಕೊಂಡರೆ ಸಾಕು. ನಮ್ಮ ಹೊಲಸನ್ನು ನಾವು ತೆಗೆದರೆ ಮಾನ ಹೋಗುವುದಿಲ್ಲ, ಇನ್ನೊಬ್ಬರಿಂದ ತೆಗೆಸಿದರೆ ಹೋಗುತ್ತದೆ.

ಕೈ ತೊಳೆಯದಿದ್ದರೆ ಎಲ್ಲವೂ ನೀರಪಾಲು

ಐದು ಲೀಟರಿನ ಎಣ್ಣೆ ಡಬ್ಬಿಗೆ ಬಾಯಿಯ ಹತ್ತಿರ ಸಣ್ಣ ತೂತು ಮಾಡಿ, ಮರೆಯ ಹೊರಗಿನ ಗಳಕ್ಕೆ ತೂಗುಹಾಕಿರಿ. ಡಬ್ಬಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಗೆ ಒಂದು ಕೋಲು ಕಟ್ಟಿ, ಅದನ್ನು ಕಾಲಿನಿಂದ ಒತ್ತಿದರೆ ಡಬ್ಬಿ ಬಾಗಿ ನೀರು ಸುರಿಯುತ್ತದೆ. ಪಕ್ಕದಲ್ಲಿ ಸಾಬೂನು ತೂಗಿರಲಿ. ಅಷ್ಟು ಮಾಡಿಯೂ ಮಗುವಿಗೆ ಭೇದಿಯಾದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿರಿ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ತಡಮಾಡದೆ ದವಾಖಾನೆಗೆ ಒಯ್ಯಿರಿ.

ಕುರಿ ಹಿಂಡಿನೊಡನೆ ಅಲೆಯುವವರಿಗೆ, ಗುಡ್ಡಾಪುರಕ್ಕೋ ಪಂಢರಪುರಕ್ಕೋ ನಡೆದು ಹೋಗುವ ನೆರೆಹೊರೆಯವರಿಗೆ ಬಕೆಟ್ಟು ಹೊರುವುದು ಆಗದ ಮಾತು. ಅವರು ಒಂದು ಚಿಕ್ಕ ಸಲಿಕೆ ಒಯ್ದು, ನೀರಿನಿಂದ ಇನ್ನೂರು ಅಡಿ ದೂರದಲ್ಲಿ ಗೇಣು ಆಳದ ತಗ್ಗು ತೋಡಿ, ಎದ್ದ ಮೇಲೆ ಮಣ್ಣು ಮುಚ್ಚಿ ಮುಂದೆ ಹೋಗಲಿ. ಅವರಿಗೂ ಈ ಮಾತು ತಿಳಿಸಿರಿ.

ಈ ವರ್ಷ ಟ್ರ್ಯಾಕ್ಟರಿಗೆ ಸಾಮಾನು ಏರಿಸುವಾಗ ರೊಟ್ಟಿಯ ಹಿಟ್ಟಿನ ಡಬ್ಬಿಯ ಜೊತೆ ಮುಚ್ಚಳವಿರುವ ಎರಡು ಬಕೆಟ್ಟು ಮರೆಯದೆ ಇಟ್ಟುಕೊಳ್ಳಿರಿ. ಹೊರಡುವ ಮುಂಚಿನ ಭಾನುವಾರ ಪೂಜೆಯ ನಂತರ ಗುಡಿಯ ಹಿಂದೆ ಬನ್ನಿ. ತಗ್ಗು ತೋಡಿ, ಹಲಗೆ ಇಟ್ಟು, ಮರೆ ಕಟ್ಟಿ ತೋರಿಸುತ್ತೇನೆ. ಕ್ರಿಸ್ಮಸ್ ಮುಗಿದ ಮೇಲೆ ನಾನು ಮತ್ತೆ ಬಿಡಾರಕ್ಕೆ ಬರುವೆ. ಆಗ ಚಹಾ ಕೊಡುವ ತಾಯಿ ತಾನೂ ಒಂದು ತಂಬಿಗೆ ನೀರನ್ನು ನಿಶ್ಚಿಂತೆಯಿಂದ ಕುಡಿಯುವಂತಾಗಲಿ.

ನಿಮ್ಮ ಧರ್ಮಕೇಂದ್ರದ ಗುರು