ಹತ್ತು ದಿನಗಳಲ್ಲಿ ಚದುರಿದ ಮನೆ: ಮೆಂಟ್‌ಮೋರ್ ಹರಾಜು ಕಲಿಸಿದ ಪಾಠ

ಸಿರಿವಂತ ಮನೆತನದ ಹಿರಿಯರೊಬ್ಬರು ತೀರಿಕೊಂಡ ಬಳಿಕ ಅವರ ಮನೆಯಲ್ಲಿದ್ದ ವರ್ಣಚಿತ್ರ, ಪೀಠೋಪಕರಣ, ಪಿಂಗಾಣಿ, ಬೆಳ್ಳಿ ಪಾತ್ರೆಗಳೆಲ್ಲ ಮಾರಾಟಕ್ಕೆ ಬರುವುದು ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯ ಸಂಗತಿ. ಇದನ್ನು ‘ಎಸ್ಟೇಟ್ ಸೇಲ್’ ಎನ್ನುತ್ತಾರೆ. ಇಲ್ಲಿ ಎಸ್ಟೇಟ್ ಎಂದರೆ ಕಾಫಿ ತೋಟವಲ್ಲ. ಮೃತರು ಬಿಟ್ಟುಹೋದ ಸಮಸ್ತ ಆಸ್ತಿ. ತೆರಿಗೆ ತುಂಬಲು, ಸಾಲ ತೀರಿಸಲು ಅಥವಾ ವಾರಸುದಾರರ ನಡುವೆ ಪಾಲು ಹಂಚಲು ಇಂಥ ಮಾರಾಟ ಅನಿವಾರ್ಯವಾಗುತ್ತದೆ.

ಹೀಗೆ ನಡೆದ ಅಸಂಖ್ಯ ಹರಾಜುಗಳು ಮರೆತುಹೋಗಿವೆ. ಆದರೆ 1977ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿರುವ ಮೆಂಟ್‌ಮೋರ್ ಟವರ್ಸ್ ಎಂಬ ಬಂಗಲೆಯಲ್ಲಿ ನಡೆದ ಹರಾಜು ಮಾತ್ರ ಒಂದು ದೇಶದ ಪರಂಪರೆ ರಕ್ಷಣೆಯ ನೀತಿಯನ್ನೇ ಬದಲಿಸಿತು. ಕಲಾಸಂಗ್ರಹವೊಂದರ ಬೆಲೆ ಅದರ ಬಿಡಿ ವಸ್ತುಗಳಲ್ಲಿದೆಯೋ, ಅವೆಲ್ಲ ಒಂದೆಡೆ ಇರುವುದರಲ್ಲಿದೆಯೋ ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಮುಂದಿಟ್ಟ ಘಟನೆ ಇನ್ನೊಂದಿಲ್ಲ ಎನ್ನಬಹುದು.

ಮನೆ ಮತ್ತು ಮನೆತನ

ಲೇವಾದೇವಿಗೆ ಹೆಸರಾದ ರಾಥ್‌ಸ್ಚೈಲ್ಡ್ ಕುಟುಂಬದ ಬ್ಯಾರನ್ ಮೇಯರ್ ಈ ಬಂಗಲೆಯನ್ನು 1852 ಮತ್ತು 1854ರ ನಡುವೆ ಕಟ್ಟಿಸಿದ. ವಿನ್ಯಾಸಕಾರ ಜೋಸೆಫ್ ಪ್ಯಾಕ್ಸ್‌ಟನ್. ಲಂಡನ್ನಿನ ಪ್ರಸಿದ್ಧ ಕ್ರಿಸ್ಟಲ್ ಪ್ಯಾಲೇಸ್ ಆತನದೇ ಕೃತಿ. ಗಾಜಿನ ಮಾಡಿನ ವಿಶಾಲ ಹಜಾರದಲ್ಲಿ ತೂಗುತ್ತಿದ್ದ ದೀಪಗಳು ವೆನಿಸ್ ನಗರಾಧ್ಯಕ್ಷರ ವಿಧ್ಯುಕ್ತ ನಾವೆಯಿಂದ ಬಂದವೆಂದೂ, ಅಲ್ಲಿನ ಅಮೃತಶಿಲೆಯ ಅಗ್ಗಿಷ್ಟಿಕೆ ಚಿತ್ರಕಾರ ರೂಬೆನ್ಸನ ಮನೆಯದೆಂದೂ ಪ್ರತೀತಿಯಿತ್ತು. ಫ್ರಾನ್ಸಿನ ಮೇಜು ಕುರ್ಚಿಗಳು, ನೇಯ್ದ ಗೋಡೆ ಚಿತ್ರಗಳು, ದಂತದ ಹಾಗೂ ಎನಾಮೆಲ್ ಕೆಲಸದ ವಸ್ತುಗಳು ಕೊಠಡಿ ಕೊಠಡಿಯನ್ನೂ ತುಂಬಿದ್ದವು.

ಬ್ಯಾರನ್ನನ ಏಕೈಕ ಪುತ್ರಿ ಹ್ಯಾನಾ 1878ರಲ್ಲಿ ರೋಸ್‌ಬರಿಯ 5ನೇ ಅರ್ಲ್‌ನನ್ನು ವಿವಾಹವಾದಳು. ಆತ 1894ರಲ್ಲಿ ಬ್ರಿಟನ್ನಿನ ಪ್ರಧಾನಿಯೂ ಆದ. ಇವರ ಮಗ 6ನೇ ಅರ್ಲ್ 1974ರಲ್ಲಿ ತನ್ನ 92ನೇ ವಯಸ್ಸಿನಲ್ಲಿ ನಿಧನ ಹೊಂದಿದಾಗ ಸಂಗ್ರಹಕ್ಕೆ ನೂರಿಪ್ಪತ್ತು ವರ್ಷಗಳ ಇತಿಹಾಸವಿತ್ತು. ಅದರ ಮೇಲೆ ಮರಣಾನಂತರದ ತೆರಿಗೆಯ ಭಾರ ಬಿತ್ತು. ಭಾರತದಲ್ಲಿಯೂ ಇಂಥದೇ ‘ಎಸ್ಟೇಟ್ ಡ್ಯೂಟಿ’ 1953ರಿಂದ 1985ರವರೆಗೆ ಜಾರಿಯಲ್ಲಿತ್ತು ಎಂಬುದನ್ನು ಹಿರಿಯ ಓದುಗರು ಬಲ್ಲರು.

ಸರ್ಕಾರದ ನಿರಾಕರಣೆ

ವಾರಸುದಾರರು ಸರ್ಕಾರದ ಮುಂದೆ ಒಂದು ಪ್ರಸ್ತಾಪವಿಟ್ಟರು. ಬಂಗಲೆಯನ್ನೂ ಅದರೊಳಗಿನ ಸಂಗ್ರಹವನ್ನೂ ಸುಮಾರು 20 ಲಕ್ಷ ಪೌಂಡ್ ಲೆಕ್ಕದಲ್ಲಿ ರಾಷ್ಟ್ರವೇ ಇಟ್ಟುಕೊಳ್ಳಲಿ ಎಂಬುದೇ ಆ ಪ್ರಸ್ತಾಪ. ಇಂಥ ಕಾರ್ಯಕ್ಕೆಂದೇ ಒಂದು ನಿಧಿಯೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಮಡಿದವರ ಸ್ಮರಣಾರ್ಥ 1946ರಲ್ಲಿ 5 ಕೋಟಿ ಪೌಂಡ್‌ಗಳೊಂದಿಗೆ ಸ್ಥಾಪಿಸಲಾದ ‘ನ್ಯಾಷನಲ್ ಲ್ಯಾಂಡ್ ಫಂಡ್’ ಅದು. ಆದರೆ 1957ರಲ್ಲಿ ಅದರ ಬಹುಪಾಲು ಹಣವನ್ನು ಖಜಾನೆಯೇ ಹಿಂತೆಗೆದುಕೊಂಡಿತ್ತು. ಉಳಿದದ್ದನ್ನು ವೆಚ್ಚ ಮಾಡಲೂ ಹಣಕಾಸು ಇಲಾಖೆಗೆ ಮನಸ್ಸಿರಲಿಲ್ಲ. ದೇಶ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಕಾಲವದು. ಸಿರಿವಂತರ ಬಂಗಲೆಗೆ ಜನರ ಹಣವೇಕೆ ಎಂಬ ವಾದವೂ ಇತ್ತು. ‘ಸೇವ್ ಬ್ರಿಟನ್ಸ್ ಹೆರಿಟೇಜ್’ ಸಂಘಟನೆ ನಡೆಸಿದ ಪ್ರಚಾರ ಫಲ ಕೊಡಲಿಲ್ಲ. ಜೇಮ್ಸ್ ಕ್ಯಾಲಹನ್ ನೇತೃತ್ವದ ಸರ್ಕಾರ ಪ್ರಸ್ತಾಪವನ್ನು ತಿರಸ್ಕರಿಸಿತು.

ಹರಾಜಿನ ಬಗೆ

ಇಂಥ ಹರಾಜಿನ ಸಿದ್ಧತೆ ತಿಂಗಳುಗಟ್ಟಲೆ ನಡೆಯುತ್ತದೆ. ತಜ್ಞರು ಪ್ರತಿ ವಸ್ತುವನ್ನೂ ಪರಿಶೀಲಿಸಿ, ಕರ್ತೃ ಯಾರು, ಕಾಲ ಯಾವುದು, ಎಷ್ಟು ಬೆಲೆ ಬಂದೀತು ಎಂದು ಅಂದಾಜಿಸುತ್ತಾರೆ. ಅನಂತರ ಪ್ರತಿಯೊಂದಕ್ಕೂ ‘ಲಾಟ್’ ಸಂಖ್ಯೆ ನೀಡಿ ಕ್ಯಾಟಲಾಗ್ ಅಚ್ಚು ಹಾಕಿಸುತ್ತಾರೆ. ಮಾಲೀಕರು ಗುಟ್ಟಾಗಿ ನಿಗದಿ ಮಾಡಿದ ಕನಿಷ್ಠ ಬೆಲೆಗಿಂತ ಕೂಗು ಕೆಳಗಿದ್ದರೆ ವಸ್ತು ಮಾರಾಟವಾಗುವುದಿಲ್ಲ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಂಡವರು ಹರಾಜು ಸಂಸ್ಥೆಗೆ ಕಮಿಷನ್ನನ್ನೂ ತೆರಬೇಕು. ಲಂಡನ್ನಿನ ಎರಡು ದೊಡ್ಡ ಸಂಸ್ಥೆಗಳು ಈ ಪದ್ಧತಿಯನ್ನು 1975ರಲ್ಲಿ ಜಾರಿಗೆ ತಂದವು.

ಬೆಲೆ ನಿರ್ಧರಿಸುವ ಇನ್ನೊಂದು ಅಂಶ ವಸ್ತುವಿನ ಒಡೆತನದ ಚರಿತ್ರೆ. ಜಾಕ್ವೆಲಿನ್ ಕೆನಡಿ ಒನಾಸಿಸ್ ಅವರ ಮರಣಾನಂತರ 1996ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಹರಾಜಿನಲ್ಲಿ, ಹೆಚ್ಚೆಂದರೆ 700 ಡಾಲರ್ ಬಂದೀತೆಂದು ಅಂದಾಜಿಸಿದ್ದ ನಕಲಿ ಮುತ್ತಿನ ಹಾರ 2,11,500 ಡಾಲರಿಗೆ ಹೋಯಿತು. ಅಲ್ಲಿ ಮಾರಾಟವಾದದ್ದು ಮುತ್ತಲ್ಲ, ಅದನ್ನು ಧರಿಸಿದ್ದ ಕೊರಳಿನ ನೆನಪು.

ಮೆಂಟ್‌ಮೋರ್ ಸಂಗ್ರಹಕ್ಕಾಗಿ ಸದಬೀಸ್ ಸಂಸ್ಥೆ ಸಿದ್ಧಪಡಿಸಿದ ಕ್ಯಾಟಲಾಗ್ ಐದು ಸಂಪುಟಗಳಷ್ಟಿತ್ತು. ಪೀಠೋಪಕರಣ, ಬೆಳ್ಳಿ, ಪಿಂಗಾಣಿ, ಚಿತ್ರಗಳಿಗೆ ಮೊದಲ ನಾಲ್ಕು ಮೀಸಲಾಗಿದ್ದರೆ, ಕೊನೆಯದರಲ್ಲಿ ಮನೆಯ ಸಾಮಾನ್ಯ ಸಾಮಗ್ರಿಗಳ ಪಟ್ಟಿಯಿತ್ತು. ಮೇ 18ರಂದು ಆರಂಭವಾದ ಹರಾಜು 27ರಂದು ಮುಗಿಯಿತು. ಒಟ್ಟು ಗಳಿಕೆ 60 ಲಕ್ಷ ಪೌಂಡ್ ಮೀರಿತ್ತು. ಕುಟುಂಬವು ತನಗಾಗಿ ಇರಿಸಿಕೊಂಡ ಕೆಲವು ಶ್ರೇಷ್ಠ ವಸ್ತುಗಳು ಸ್ಕಾಟ್ಲೆಂಡಿನ ಡಾಲ್‌ಮೆನಿ ಬಂಗಲೆ ಸೇರಿದವು. ಉಳಿದವು ದಿಕ್ಕುದಿಕ್ಕಿಗೆ ಚದುರಿದವು.

ಕಣ್ತಪ್ಪಿದ ಚಿತ್ರ

ಹರಾಜಿನ ಅತ್ಯಂತ ಕುತೂಹಲದ ಪ್ರಸಂಗ ಒಂದು ಚಿತ್ರಕ್ಕೆ ಸಂಬಂಧಿಸಿದ್ದು. ಕ್ಯಾಟಲಾಗಿನಲ್ಲಿ ಅದನ್ನು ಕಾರ್ಲ್ ವಾನ್ ಲೂ ರಚಿಸಿದ ಶುಕ್ರದೇವತೆಯ ಶೃಂಗಾರದ ಚಿತ್ರವೆಂದು ನಮೂದಿಸಲಾಗಿತ್ತು. ಕಲಾತಜ್ಞ ಡೇವಿಡ್ ಕ್ಯಾರಿಟ್ ಅದನ್ನು 8,000 ಪೌಂಡ್‌ಗೆ ಕೊಂಡ. ವಾಸ್ತವದಲ್ಲಿ ಅದು ಫ್ರಾನ್ಸಿನ ಮಹಾನ್ ಚಿತ್ರಕಾರ ಫ್ರಾಗೊನಾರ್ 1753ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ರಚಿಸಿದ ಕೃತಿ. ಸೈಕಿ ತನ್ನ ಸೋದರಿಯರಿಗೆ ಕ್ಯುಪಿಡ್ ಕೊಟ್ಟ ಉಡುಗೊರೆಗಳನ್ನು ತೋರಿಸುವ ದೃಶ್ಯ. ವಾನ್ ಲೂ ಆತನ ಗುರುವಾಗಿದ್ದುದರಿಂದ ಶೈಲಿಯ ಹೋಲಿಕೆ ತಜ್ಞರನ್ನು ದಾರಿ ತಪ್ಪಿಸಿತ್ತು. ಮರುವರ್ಷ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಇದೇ ಚಿತ್ರಕ್ಕೆ 4,95,000 ಪೌಂಡ್ ತೆತ್ತಿತು.

ಈ ಲೆಕ್ಕವನ್ನು ಗಮನಿಸಬೇಕು. ಮನೆ ಮತ್ತು ಸಂಗ್ರಹ ಎರಡಕ್ಕೂ 20 ಲಕ್ಷ ಹೆಚ್ಚೆಂದು ಸರ್ಕಾರ ಹಿಂಜರಿದಿತ್ತು. ಅದರ ಕಾಲುಭಾಗದಷ್ಟು ಹಣ ಕೊನೆಗೆ ಒಂದೇ ಚಿತ್ರಕ್ಕೆ ಸಂದಿತು. ಮೆಂಟ್‌ಮೋರ್‌ನಲ್ಲಿದ್ದ ಮದಾಂ ಪಾಂಪಡೋರ್‌ಳ ಭಾವಚಿತ್ರವನ್ನೂ ಗ್ಯಾಲರಿ ಪ್ರತ್ಯೇಕವಾಗಿ ಕೊಂಡುಕೊಳ್ಳಬೇಕಾಯಿತು. ಬರಿದಾದ ಬಂಗಲೆ ಮಾತ್ರ 1978ರಲ್ಲಿ ಕೇವಲ 2,40,000 ಪೌಂಡ್‌ಗೆ ಮಹರ್ಷಿ ಮಹೇಶ್ ಯೋಗಿ ಅವರ ಸಂಸ್ಥೆಯ ಪಾಲಾಯಿತು. 1999ರಲ್ಲಿ ಮತ್ತೆ ಕೈ ಬದಲಿಸಿದ ಮೇಲೆ ಅದನ್ನು ಹೋಟೆಲ್ ಮಾಡುವ ಯೋಜನೆಯೂ ಕೈಗೂಡಲಿಲ್ಲ.

ತಡವಾಗಿ ಬಂದ ವಿವೇಕ

ಸಾರ್ವಜನಿಕ ಆಕ್ರೋಶ ವ್ಯರ್ಥವಾಗಲಿಲ್ಲ. 1980ರಲ್ಲಿ ಹೊಸ ಕಾಯ್ದೆಯ ಮೂಲಕ ‘ನ್ಯಾಷನಲ್ ಹೆರಿಟೇಜ್ ಮೆಮೋರಿಯಲ್ ಫಂಡ್’ ಅಸ್ತಿತ್ವಕ್ಕೆ ಬಂದಿತು. ಹಣ ಬಳಕೆಯ ತೀರ್ಮಾನ ಖಜಾನೆಯ ಕೈಯಿಂದ ಸ್ವತಂತ್ರ ಧರ್ಮದರ್ಶಿಗಳ ಕೈಗೆ ಬಂದದ್ದು ಇದರ ಮುಖ್ಯ ಬದಲಾವಣೆ.

ಈ ನಿಧಿಯ ನೆರವಿನಿಂದ 1985ರಲ್ಲಿ ಡರ್ಬಿಶೈರ್‌ನ ಕಾಲ್ಕ್ ಆಬಿ ಬಂಗಲೆ ಸಮಸ್ತ ಸಾಮಗ್ರಿಗಳೊಂದಿಗೆ ‘ನ್ಯಾಷನಲ್ ಟ್ರಸ್ಟ್’ಗೆ ಸೇರಿತು. ಅಲ್ಲಿ ಪೆಟ್ಟಿಗೆಗಳಲ್ಲೇ ಉಳಿದಿದ್ದ, 18ನೇ ಶತಮಾನದ ಆದಿಭಾಗದ ರಾಜಶಯ್ಯೆಯೊಂದು ದೊರೆಯಿತು. ಬೆಳಕು ತಾಗದ ಅದರ ಚೀನಾ ರೇಷ್ಮೆಯ ಪರದೆಗಳ ಬಣ್ಣ ಎಳ್ಳಷ್ಟೂ ಮಾಸಿರಲಿಲ್ಲ. ಅದನ್ನು ಇಂದು ಅದೇ ಮನೆಯಲ್ಲಿ ನೋಡಬಹುದು.

ಭಾರತದಲ್ಲಿ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ರಫ್ತು ಮಾಡುವಂತಿಲ್ಲ. ವಸ್ತು ದೇಶದ ಗಡಿ ದಾಟದಂತೆ ಕಾನೂನು ಕಾಯುತ್ತದೆ. ಆದರೆ ತಾನಿದ್ದ ಮನೆಯ ಹೊಸಿಲು ದಾಟದಂತೆ ಕಾಯುವುದಿಲ್ಲ. ಪಾಲಾಗುವ ಹಳೆಯ ಮನೆಯಿಂದ ತೊಟ್ಟಿಲು, ಗಡಿಯಾರ, ಭಾವಚಿತ್ರಗಳು ಒಂದೊಂದಾಗಿ ಹೊರಬೀಳುವಾಗ ಯಾವುದು ಎಲ್ಲಿತ್ತು, ಯಾರದಾಗಿತ್ತು ಎಂದು ಒಂದು ಪಟ್ಟಿಯನ್ನಾದರೂ ಬರೆದಿಡುವುದು ಒಳಿತು. ಮೆಂಟ್‌ಮೋರ್ ಸಂಗ್ರಹ ಒಂದಾಗಿದ್ದುದಕ್ಕೆ ಇಂದು ಉಳಿದಿರುವ ಸಾಕ್ಷ್ಯವೂ ಹರಾಜಿಗೆಂದು ಅಚ್ಚಾದ ಆ ಐದು ಸಂಪುಟಗಳೇ.